ಖಲೀಫನ ಹೆಸರಿನಲ್ಲಿ ಕೇಳಿದವರು, ಕೊಟ್ಟವರು

ಮುಂಬಯಿಯ ಬೈಕಲಾದಲ್ಲಿ ಸೇಠ್ ಮೋತೀಶಾ ಕಟ್ಟಿಸಿದ ಆದೀಶ್ವರ ಜಿನಾಲಯದಿಂದ ನಡೆದು ಹೋಗುವಷ್ಟು ದೂರದಲ್ಲೇ ‘ಖಿಲಾಫತ್ ಹೌಸ್’ ಎಂಬ ಹಳೆಯ ಕಟ್ಟಡವಿದೆ. ಪ್ರತಿವರ್ಷ ಈದ್ ಮಿಲಾದಿನ ದೊಡ್ಡ ಮೆರವಣಿಗೆ ಹೊರಡುವುದು ಅಲ್ಲಿಂದಲೇ. ಯಾವ ಖಿಲಾಫತ್ತಿನ ಹೆಸರನ್ನು ಆ ಕಟ್ಟಡ ಹೊತ್ತು ನಿಂತಿದೆಯೋ ಆ ಖಿಲಾಫತ್ತು 1924ರ ಮಾರ್ಚ್ 3ರಂದೇ ಕೊನೆಗೊಂಡಿತು. ಕೊನೆಗಾಣಿಸಿದವರು ಇಂಗ್ಲಿಷರಲ್ಲ, ತುರ್ಕರೇ. ತನ್ನ ನೆಲದಲ್ಲಿ ಅಳಿದುಹೋದ ಪೀಠವೊಂದರ ಹೆಸರಿನ ಫಲಕ ಸಾವಿರಾರು ಮೈಲಿ ಆಚೆಯ ಬಂದರು ನಗರದಲ್ಲಿ ನೂರು ವರ್ಷದ ಮೇಲೂ ಉಳಿದಿದೆ ಎಂಬುದೇ, ಆ ಕಾಲದಲ್ಲಿ ಇಲ್ಲಿನ ಜನ ಅದಕ್ಕೆ ಎಷ್ಟು ಕೊಟ್ಟಿದ್ದರು ಎಂಬುದರ ಗುರುತು.

ಈಚಿನ ವರ್ಷಗಳಲ್ಲಿ ಖಿಲಾಫತ್ ಚಳವಳಿಯ ಹೆಸರು ಮತ್ತೆ ಚಲಾವಣೆಗೆ ಬಂದಿದೆ. ಚುನಾವಣೆ ಹತ್ತಿರವಾದಂತೆ ಮೊಬೈಲುಗಳಲ್ಲಿ ಹರಿದಾಡುವ ಬರಹಗಳಲ್ಲಿ ಅದು ಎರಡು ರೂಪಗಳಲ್ಲಿ ಬರುತ್ತದೆ. ಮುಸಲ್ಮಾನನ ಮನಸ್ಸು ಎಂದೂ ಈ ನೆಲದ ಮೇಲಿರಲಿಲ್ಲ, ಗಾಂಧೀಜಿ ಅದಕ್ಕೆ ತಲೆಬಾಗಿದ್ದೇ ಮೊದಲ ತಪ್ಪು, ಮಲಬಾರಿನ ರಕ್ತಪಾತ ಮತ್ತು ದೇಶವಿಭಜನೆ ಎರಡೂ ಅಲ್ಲಿಂದಲೇ ಹುಟ್ಟಿದವು ಎನ್ನುವುದು ಒಂದು ಕಥೆ. ಹಿಂದೂ ಮುಸ್ಲಿಮರು ಒಂದೇ ತಟ್ಟೆಯಲ್ಲಿ ಉಂಡ ಸುವರ್ಣ ಯುಗವದು, ಅದನ್ನು ಕೆಡಿಸಿದವರು ಆಳುವವರು ಮಾತ್ರ ಎನ್ನುವುದು ಇನ್ನೊಂದು. ಸಮಾಜದ ವಾಟ್ಸಾಪ್ ಬಳಗಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಓಡಾಟ. ದಶಲಕ್ಷಣ ಪರ್ವದ ‘ಉತ್ತಮ ಕ್ಷಮಾ’ ಚಿತ್ರಗಳ ಮಧ್ಯದಲ್ಲೇ ಅದು ಬಂದು ಕೂರುತ್ತದೆ, ಕಳಿಸಿದವರಿಗೂ ಓದಿದವರಿಗೂ ಅದರಲ್ಲಿ ಏನೂ ವಿಪರೀತ ಕಾಣುವುದಿಲ್ಲ.

ಎರಡೂ ಕಥೆಗಳಲ್ಲಿ ನಾಯಕರಿದ್ದಾರೆ, ದ್ರೋಹಿಗಳಿದ್ದಾರೆ. ತನ್ನ ದುಡಿಮೆಯ ರೂಪಾಯಿಯನ್ನು, ಹೆಂಡತಿಯ ಬಳೆಯನ್ನು, ಕೆಲವೊಮ್ಮೆ ಹೊಲಮನೆಯನ್ನೇ ಕೊಟ್ಟ ಸಾಮಾನ್ಯ ಮುಸಲ್ಮಾನ ಮಾತ್ರ ಎರಡರಲ್ಲೂ ಇಲ್ಲ. ಅವನ ಮರುಕ ನಿಜವಾಗಿತ್ತು. ಆ ಮರುಕವನ್ನು ಬಳಸಿಕೊಂಡವರು ಹಲವರು. ಆದರೆ ಯಾವ ತುರ್ಕನಿಗಾಗಿ, ಯಾವ ಅರಬನಿಗಾಗಿ ಅವನು ಮಿಡಿಯುತ್ತಿದ್ದನೋ ಅವರಿಗೆ ನಿಜಕ್ಕೂ ಏನು ಬೇಕಾಗಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಕಥೆ ಯುದ್ಧದ ಆರಂಭದಿಂದಲೇ ತೊಡಗುತ್ತದೆ. 1914ರ ನವೆಂಬರ್ 14ರಂದು ಇಸ್ತಾಂಬುಲಿನ ಫಾತಿಹ್ ಮಸೀದಿಯಲ್ಲಿ ಉಸ್ಮಾನೀ ಸುಲ್ತಾನನ ಪರವಾಗಿ ಜಿಹಾದಿನ ಘೋಷಣೆಯಾಯಿತು. ಸುಲ್ತಾನನೇ ಖಲೀಫ, ಆದುದರಿಂದ ಜಗತ್ತಿನ ಮುಸಲ್ಮಾನರೆಲ್ಲ ಇಂಗ್ಲಿಷರ, ಫ್ರೆಂಚರ, ರಷ್ಯನ್ನರ ವಿರುದ್ಧ ಏಳಬೇಕು ಎಂಬುದು ಅದರ ತಾತ್ಪರ್ಯ. ಇದರಲ್ಲಿ ಒಂದು ತೊಡಕಿತ್ತು. ಖಲೀಫನ ಮಿತ್ರರಾದ ಜರ್ಮನಿ ಮತ್ತು ಆಸ್ಟ್ರಿಯಾಗಳ ಚಕ್ರವರ್ತಿಗಳೂ ಕ್ರೈಸ್ತರೇ. ಹೀಗಾಗಿ ಕೆಲವು ಕ್ರೈಸ್ತ ರಾಜ್ಯಗಳ ಪಕ್ಷದಲ್ಲಿ ನಿಂತು ಬೇರೆ ಕ್ರೈಸ್ತ ರಾಜ್ಯಗಳ ಮೇಲೆ ಧರ್ಮಯುದ್ಧ ಸಾರುವ ಪ್ರಸಂಗ ಒದಗಿತು. ಬರ್ಲಿನ್ನಿನಲ್ಲಿ ಮಾಕ್ಸ್ ಫಾನ್ ಓಪನ್‌ಹೈಮ್ ಎಂಬ ಪುರಾತತ್ತ್ವಜ್ಞ ಇದಕ್ಕಾಗಿ ಒಂದು ಕಚೇರಿಯನ್ನೇ ತೆರೆದ. ಬರ್ಲಿನ್ ಸಮೀಪದ ವ್ಯೂನ್ಸ್‌ಡೋರ್ಫ್‌ನಲ್ಲಿ ಸೆರೆಸಿಕ್ಕ ಮುಸ್ಲಿಂ ಸೈನಿಕರಿಗೆಂದು ಬೇರೆ ಶಿಬಿರ. ಅದರೊಳಗೆ 1915ರಲ್ಲಿ ಮರದ ಮಸೀದಿ. ಓದಲು ‘ಜಿಹಾದ್’ ಎಂಬ ಪತ್ರಿಕೆ. ಭಾರತೀಯ ಸೆರೆಯಾಳುಗಳಿಗೆಂದು ‘ಹಿಂದೋಸ್ತಾನ್’ ಎಂಬ ಇನ್ನೊಂದು. ಜರ್ಮನ್ ಚಕ್ರವರ್ತಿ ಗುಟ್ಟಾಗಿ ಇಸ್ಲಾಮಿಗೆ ಸೇರಿ ‘ಹಾಜಿ ವಿಲ್ಹೆಲ್ಮ್’ ಆಗಿದ್ದಾನೆ ಎಂಬ ಗಾಳಿಸುದ್ದಿಯೂ ಪೂರ್ವದೇಶಗಳ ಪೇಟೆಗಳಲ್ಲಿ ಹಬ್ಬಿತು.

ಲಂಡನ್ ಸುಮ್ಮನಿರಲಿಲ್ಲ. ಈ ಯುದ್ಧಕ್ಕೂ ಧರ್ಮಕ್ಕೂ ಸಂಬಂಧವಿಲ್ಲ, ಅರಬಸ್ಥಾನದ ಪವಿತ್ರ ಸ್ಥಳಗಳಿಗೆ ಧಕ್ಕೆಯಾಗದು ಎಂದು 1914ರ ನವೆಂಬರಿನಲ್ಲೇ ಸರ್ಕಾರ ಘೋಷಿಸಿತು. ಹೈದರಾಬಾದಿನ ನಿಜಾಮ ಮುಸಲ್ಮಾನರು ಸಾಮ್ರಾಟನಿಗೆ ನಿಷ್ಠರಾಗಿರಬೇಕೆಂದು ಕರೆಕೊಟ್ಟರು. ‘ಅಲ್ ಹಕೀಕತ್’ ಎಂಬ ಸಚಿತ್ರ ಪತ್ರಿಕೆ ಲಂಡನ್ನಿನಿಂದ ಹೊರಬಿತ್ತು. ಹೆಸರಿನ ಅರ್ಥ ‘ಸತ್ಯ’. ಪ್ರಚಾರಕ್ಕೆ ಸತ್ಯವೆಂದೇ ಹೆಸರಿಡುವ ಪದ್ಧತಿ ಹೊಸದಲ್ಲ ಎಂದು ಇಂದಿನ ಸುದ್ದಿವಾಹಿನಿಗಳನ್ನು ನೋಡುವವರು ಸಮಾಧಾನಪಡಬಹುದು. 1916ರ ಜೂನಿನಲ್ಲಿ ಮೆಕ್ಕಾದ ಶರೀಫ ಹುಸೇನ್ ಇಂಗ್ಲಿಷರ ಹಣ ಮತ್ತು ಬಂದೂಕುಗಳ ಬೆಂಬಲದಿಂದ ಖಲೀಫನ ಮೇಲೆಯೇ ಬಂಡೆದ್ದಾಗ, ಮುಸ್ಲಿಂ ಜಗತ್ತು ಒಂದೇ ದೇಹ ಎಂಬ ಮಾತಿನ ಬಿರುಕು ಮೆಕ್ಕಾದ ಬಾಗಿಲಿನಲ್ಲೇ ಕಂಡಿತು.

ಈ ಕಚೇರಿಗಳಿಗೆಲ್ಲ ಸಮಾನವಾದ ಒಂದು ನಂಬಿಕೆಯಿತ್ತು. ಮುಸಲ್ಮಾನನೆಂದರೆ ಗುಂಡಿ ಒತ್ತಿದರೆ ಏಳುವ, ಮತ್ತೆ ಒತ್ತಿದರೆ ಕೂರುವ ಪ್ರಾಣಿ. ವಾಸ್ತವ ಬೇರೆಯಾಗಿತ್ತು. 1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಒಂದು ದಂಡು ದಂಗೆಯೆದ್ದಿತು, ನಿಜ. ಆದರೆ ಭಾರತದ ಮುಸ್ಲಿಂ ಸಿಪಾಯಿಗಳಲ್ಲಿ ಬಹುಪಾಲು ಜನ ಉಪ್ಪಿನ ಋಣವೆಂದು ಮೆಸೊಪೊಟೇಮಿಯದಲ್ಲೂ ಪ್ಯಾಲೆಸ್ತೀನಿನಲ್ಲೂ ಖಲೀಫನ ಸೇನೆಯ ಎದುರಿಗೇ ಹೋರಾಡಿದರು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಹೈದರಾಬಾದು, ಜೋಧಪುರಗಳ ಅಶ್ವದಳಗಳ ನೆನಪಿನವು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಕಸಿದ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಆ ವೃತ್ತವನ್ನು ದಿನವೂ ಸುತ್ತಿಹೋಗುವ ದೆಹಲಿಯ ಕನ್ನಡಿಗರಲ್ಲಿ ಎಷ್ಟು ಜನ ಈ ಸಂಗತಿಯನ್ನು ನೆನೆಯುತ್ತಾರೋ!

ಹಾಗೆಂದ ಮಾತ್ರಕ್ಕೆ ತುರ್ಕರ ಬಗೆಗಿನ ಮಿಡಿತವೆಲ್ಲ ಪ್ರಚಾರದಿಂದ ಹುಟ್ಟಿದ್ದೆನ್ನಲಾಗದು. ಅದು ಯುದ್ಧಕ್ಕಿಂತ ಹಳೆಯದು. 1912ರ ಬಾಲ್ಕನ್ ಯುದ್ಧದಲ್ಲಿ ಗಾಯಗೊಂಡ ತುರ್ಕಿ ಸೈನಿಕರ ಶುಶ್ರೂಷೆಗೆ ಡಾ. ಎಂ. ಎ. ಅನ್ಸಾರಿಯವರು ಭಾರತದಿಂದ ವೈದ್ಯರ ತಂಡ ಕಟ್ಟಿಕೊಂಡು ಹೋಗಿದ್ದರು. ಅದಕ್ಕೆ ಬೇಕಾದ ಹಣ ಇಲ್ಲಿನ ಜನರ ಚಂದಾದಿಂದಲೇ ಬಂದಿತು. ಮುಸಲ್ಮಾನರ ಅರಸೊತ್ತಿಗೆಗಳು ಒಂದೊಂದಾಗಿ ಯುರೋಪಿನವರ ಕೈಸೇರುತ್ತಿದ್ದ ಕಾಲದಲ್ಲಿ, ತಾವೇ ಪರಾಧೀನರಾಗಿದ್ದ ಭಾರತದ ಮುಸಲ್ಮಾನರಿಗೆ ಇಸ್ತಾಂಬುಲ್ ಒಂದು ಮಾನದ ಗುರುತಾಗಿ ಕಂಡಿದ್ದರೆ ಅದರಲ್ಲಿ ಸೋಜಿಗವಿಲ್ಲ. ಸೋತವನು ತನ್ನವರಲ್ಲಿ ಸೋಲದ ಒಬ್ಬನಿದ್ದಾನೆ ಎಂದು ನಂಬಬಯಸುತ್ತಾನೆ. ಕಲಕತ್ತೆಯ ‘ಅಲ್ ಹಿಲಾಲ್’, ಮೊಹಮ್ಮದ್ ಅಲಿಯವರ ‘ಕಾಮ್ರೇಡ್’ ಪತ್ರಿಕೆಗಳು ಈ ಭಾವಕ್ಕೆ ಮಾತು ಕೊಟ್ಟವು. ಯುದ್ಧಕಾಲದಲ್ಲಿ ಸರ್ಕಾರ ಅವುಗಳ ಬಾಯಿ ಮುಚ್ಚಿಸಿತು, 1915ರಲ್ಲಿ ಅಲಿ ಸಹೋದರರನ್ನು ನಿರ್ಬಂಧದಲ್ಲಿರಿಸಿತು. ಪತ್ರಿಕೆ ನಿಂತರೆ ಸುದ್ದಿ ನಿಲ್ಲುವುದಿಲ್ಲ. ಹೆಸರಿಲ್ಲದ, ಹೊಣೆಯಿಲ್ಲದ ಸುದ್ದಿಯಾಗಿ ಕಿವಿಯಿಂದ ಕಿವಿಗೆ ಹೋಗುತ್ತದೆ, ಅಷ್ಟೇ.

ಗಾಯ ಆಳವಾದದ್ದು ಕೊಟ್ಟ ಮಾತು ತಪ್ಪಿದಾಗ. 1918ರ ಜನವರಿ 5ರಂದು ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್, ತುರ್ಕರ ರಾಜಧಾನಿಯನ್ನಾಗಲಿ ತುರ್ಕರೇ ಹೆಚ್ಚಾಗಿರುವ ಏಷ್ಯಾ ಮೈನರ್ ಮತ್ತು ಥ್ರೇಸ್ ಪ್ರದೇಶಗಳನ್ನಾಗಲಿ ಕಸಿಯಲು ತಾವು ಹೋರಾಡುತ್ತಿಲ್ಲ ಎಂದು ಸಾರಿದರು. ಭಾರತದಲ್ಲಿ ಇದು ಮುಸಲ್ಮಾನರಿಗೆ ಕೊಟ್ಟ ವಚನವೆಂದೇ ಪ್ರಚಾರವಾಯಿತು. ಅದೇ ಅಕ್ಟೋಬರ್ 30ರಂದು ತುರ್ಕಿ ಶರಣಾಯಿತು. 1919ರ ಮೇ 15ರಂದು ಗ್ರೀಕ್ ಸೇನೆ ಸ್ಮರ್ನಾ ಬಂದರಿನಲ್ಲಿ ಇಳಿಯಿತು. 1920ರ ಮಾರ್ಚಿನಲ್ಲಿ ಇಸ್ತಾಂಬುಲ್ ನಗರವನ್ನೇ ಮಿತ್ರರಾಷ್ಟ್ರಗಳ ಸೇನೆ ವಶಪಡಿಸಿಕೊಂಡಿತು. ಆಗಸ್ಟ್ 10ರ ಸೆವ್ರ್ ಒಪ್ಪಂದದಲ್ಲಿ ಥ್ರೇಸಿನ ಬಹುಭಾಗವೂ ಸ್ಮರ್ನಾದ ಆಡಳಿತವೂ ಗ್ರೀಕರ ಪಾಲಾದವು. ತುರ್ಕರ ಎದುರು ಬಂದೂಕು ಹಿಡಿದು ಊರಿಗೆ ಮರಳಿದ ಮುಸ್ಲಿಂ ಸಿಪಾಯಿಗೆ ತನ್ನ ಕೈಯಿಂದಲೇ ಈ ಕೆಲಸ ಮಾಡಿಸಿದರೆಂಬ ಸಂಕಟ ಎಷ್ಟಿದ್ದಿರಬೇಕು!

ಆ ಸಂಕಟಕ್ಕೆ ಸಂಘಟನೆಯ ರೂಪ ದೊರೆತದ್ದು ಮುಂಬಯಿಯಲ್ಲಿ. 1919ರಲ್ಲಿ ಇಲ್ಲಿನ ಖಿಲಾಫತ್ ಸಮಿತಿಯ ಮುಂದಾಳಾದವರು ಮಿಯಾ ಮೊಹಮ್ಮದ್ ಛೋಟಾನಿ ಎಂಬ ಮರಮುಟ್ಟಿನ ದೊಡ್ಡ ವ್ಯಾಪಾರಿ. ಅಕ್ಟೋಬರ್ 17ರಂದು ದೇಶದಾದ್ಯಂತ ಖಿಲಾಫತ್ ದಿನ. ಹಿಂದೂಗಳೂ ಅಂಗಡಿ ಮುಚ್ಚಿ ಜೊತೆಗೂಡಬೇಕೆಂದು ಗಾಂಧೀಜಿ ಕೋರಿದರು. ನವೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಖಿಲಾಫತ್ ಪರಿಷತ್ತಿನಲ್ಲಿ ಅಸಹಕಾರದ ಮಾತು ಮೊದಲಿಗೆ ಹೊರಟಿತು. 1920ರ ಆಗಸ್ಟ್ 19ರಂದು ಗಾಂಧೀಜಿ ಮತ್ತು ಶೌಕತ್ ಅಲಿ ಮಂಗಳೂರಿಗೆ ಬಂದರು, ಎರಡು ದಿನದ ಬಳಿಕ ಬೆಂಗಳೂರಿಗೆ. ಅದೇ ನವೆಂಬರಿನಲ್ಲಿ ನಿಪ್ಪಾಣಿ, ಬೆಳಗಾವಿಗಳಲ್ಲೂ ಗಾಂಧೀಜಿಯ ಭಾಷಣಗಳಾದವು. ಇಂದು ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ಎಷ್ಟೋ ಜೈನ ಕುಟುಂಬಗಳ ಅಜ್ಜ, ಮುತ್ತಜ್ಜಂದಿರ ಊರುಗಳವು.

ಆ ದಿನಗಳ ಒಂದು ಪ್ರಕರಣ ಈ ಓದುಗರಿಗೆ ವಿಶೇಷವಾಗಿ ತಟ್ಟಬೇಕು. ಹಿಂದೂಗಳ ಬೆಂಬಲಕ್ಕೆ ಪ್ರತಿಯಾಗಿ ಗೋಹತ್ಯೆ ನಿಲ್ಲಬೇಕು ಎಂಬ ಚೌಕಾಸಿ ದೆಹಲಿಯ ಪರಿಷತ್ತಿನ ಸುತ್ತ ನಡೆದಿತ್ತು. ಗಾಂಧೀಜಿ ಅದನ್ನು ಒಪ್ಪಲಿಲ್ಲ. ಕಷ್ಟದಲ್ಲಿರುವ ನೆರೆಯವನಿಗೆ ನೆರವಾಗುವಾಗ ಬೆಲೆ ಕೇಳಬಾರದು ಎಂಬುದು ಅವರ ನಿಲುವು. ಬೆಲೆ ಕೇಳದೆಯೇ ಉತ್ತರ ಬಂದಿತು. 1919ರ ಡಿಸೆಂಬರಿನಲ್ಲಿ ಅಮೃತಸರದ ಮುಸ್ಲಿಂ ಲೀಗ್ ಅಧಿವೇಶನ, ಹಕೀಂ ಅಜ್ಮಲ್ ಖಾನರ ಅಧ್ಯಕ್ಷತೆಯಲ್ಲಿ, ಬಕ್ರೀದಿನಲ್ಲಿ ಗೋವಿಗೆ ಬದಲು ಬೇರೆ ಪ್ರಾಣಿಯನ್ನು ಬಲಿಕೊಡುವಂತೆ ಕೇಳಿಕೊಂಡಿತು. ಮುಂಬಯಿಯಲ್ಲಿ ಛೋಟಾನಿಯವರೂ ಅವರ ಸಂಗಡಿಗರೂ ಗೋವುಗಳನ್ನು ಉಳಿಸಲು ಓಡಾಡಿದರು. ಸ್ನೇಹದ ಕುರುಹಾಗಿ ಇದು ದೊಡ್ಡದು. ಆದರೆ ‘ಬೇರೆ ಪ್ರಾಣಿ’ ಎಂಬ ಮಾತನ್ನು ಗಮನಿಸಿದವರು ಕಡಿಮೆ. ಕುರಿಗೂ ಮೇಕೆಗೂ ಜೀವವಿದೆ ಎಂದು ಆ ಸಂಭ್ರಮದಲ್ಲಿ ಹೇಳುವವರು ಇರಲಿಲ್ಲ. ಏಕೆಂದರೆ ಆ ಮಾತುಕತೆಯಲ್ಲಿ ಗೋವು ಜೀವವಾಗಿರಲಿಲ್ಲ, ನಾಣ್ಯವಾಗಿತ್ತು. ಇಂದಿನ ರಾಜಕೀಯದಲ್ಲೂ ಅದು ನಾಣ್ಯವೇ. ಅಹಿಂಸೆಯ ಹೆಸರಿನಲ್ಲಿ ಆ ನಾಣ್ಯವನ್ನು ಚಲಾಯಿಸುವವರಿಗೆ ಜೈನರು ಬೆಂಬಲ ನೀಡುವಾಗ ಇಷ್ಟನ್ನಾದರೂ ಯೋಚಿಸಬಹುದಿತ್ತು.

ಚಂದಾ ಸುರಿಯಿತು. ನೋಟಿನಂತೆ ಕಾಣುವ ಒಂದು ರೂಪಾಯಿಯ ಖಿಲಾಫತ್ ರಶೀದಿಗಳು ಊರೂರಿಗೆ ಹೋದವು. ಅಲಿ ಸಹೋದರರ ವೃದ್ಧ ತಾಯಿ ಬೀ ಅಮ್ಮಾ ಸಭೆಗಳಲ್ಲಿ ಮಾತಾಡಿದರು. ಕೇಳಿದ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಈ ಕೈಗಳ ಪ್ರಾಮಾಣಿಕತೆಯನ್ನು ಸಂಶಯಿಸುವವನು ಮನುಷ್ಯರನ್ನು ಬಲ್ಲವನಲ್ಲ.

ಆದರೆ ವೇದಿಕೆಯ ಮೇಲಿನಿಂದ ಅವರಿಗೆ ಏನು ಹೇಳಲಾಯಿತು? ಅರಬಸ್ಥಾನ, ಸಿರಿಯಾ, ಪ್ಯಾಲೆಸ್ತೀನ್, ಮೆಸೊಪೊಟೇಮಿಯ ಎಲ್ಲವೂ ಖಲೀಫನ ಅಧೀನದಲ್ಲೇ ಇರತಕ್ಕದ್ದು, ಜಗತ್ತಿನ ಮುಸಲ್ಮಾನರೆಲ್ಲರ ಅಭಿಲಾಷೆ ಇದು ಎಂದು. ಆ ನಾಡುಗಳ ಅರಬರಲ್ಲಿ ಬಹಳ ಮಂದಿಗೆ ಇಂಗ್ಲಿಷರೂ ಬೇಡವಾಗಿತ್ತು, ತುರ್ಕರೂ ಬೇಡವಾಗಿತ್ತು. ಸಿರಿಯಾ ತನ್ನದೇ ಅರಸನನ್ನು 1920ರ ಮಾರ್ಚಿನಲ್ಲಿ ಆರಿಸಿಕೊಂಡಿತು. ಜುಲೈಯಲ್ಲಿ ಫ್ರೆಂಚರು ಅವನನ್ನು ಓಡಿಸಿದರು. ಅದೇ ವರ್ಷ ಇರಾಕಿನ ಜನ ಇಂಗ್ಲಿಷರ ಮೇಲೆ ದಂಗೆಯೆದ್ದರು, ಸ್ವಂತ ಆಳ್ವಿಕೆಗಾಗಿ. ಪರರ ಆಳ್ವಿಕೆ ತನಗೆ ಬೇಡವೆಂದು ಹೋರಾಡುತ್ತಿದ್ದ ಭಾರತ, ಅರಬರ ಮೇಲೆ ತುರ್ಕರ ಆಳ್ವಿಕೆ ಉಳಿಯಬೇಕೆಂದು ನಿರ್ಣಯ ಮಾಡುತ್ತಿತ್ತು. ಅರಬರ ಮಾತು ಎತ್ತಿದರೆ, ಅದು ಶರೀಫನ ದ್ರೋಹ ಎಂದು ಬಾಯಿ ಮುಚ್ಚಿಸುವುದು ಸುಲಭವಾಗಿತ್ತು. 1920ರ ಮಾರ್ಚಿನಲ್ಲಿ ಮೊಹಮ್ಮದ್ ಅಲಿಯವರ ನಿಯೋಗ ಲಂಡನ್ನಿನಲ್ಲಿ ಲಾಯ್ಡ್ ಜಾರ್ಜರನ್ನು ಕಂಡಿತು. ಸೋತ ಕ್ರೈಸ್ತ ರಾಷ್ಟ್ರಗಳಿಗಾದುದೇ ತುರ್ಕಿಗೂ ಆಗುತ್ತದೆ ಎಂಬ ಉತ್ತರ ದೊರೆಯಿತು. ಆಳುವವನ ಕಪಟ ಅಲ್ಲಿ ಬಯಲಾಯಿತು. ಅರಬರ ವಿಷಯದಲ್ಲಿ ಇಲ್ಲಿನ ಮುಂದಾಳುಗಳ ಅರ್ಧಸತ್ಯ ಮಾತ್ರ ಬಯಲಾಗಲು ಇನ್ನೂ ಕೆಲಕಾಲ ಹಿಡಿಯಿತು.

ಅರ್ಧಸತ್ಯದ ಬೆಲೆಯನ್ನು ಮೊದಲು ತೆತ್ತವರು ಸಿಂಧ್ ಮತ್ತು ವಾಯವ್ಯ ಗಡಿನಾಡಿನ ಬಡ ಒಕ್ಕಲಿಗರು. ಇಸ್ಲಾಮಿನ ವಿರೋಧಿಯಾದ ಆಳ್ವಿಕೆಯಲ್ಲಿ ಬಾಳುವುದು ಸಲ್ಲದು, ನಾಡು ಬಿಟ್ಟು ಹೋಗುವ ‘ಹಿಜ್ರತ್’ ಧರ್ಮಮಾರ್ಗ ಎಂದು ಕೆಲವು ಮೌಲಾನಾಗಳು ಹೇಳಿದರು. ಮೌಲಾನಾ ಆಜಾದರ ಹೆಸರೂ ಅದರಲ್ಲಿದೆ. ಅಫ್ಘಾನಿಸ್ತಾನದ ಅಮೀರ ಅಮಾನುಲ್ಲಾ ಬಂದವರಿಗೆ ಆಶ್ರಯ ಕೊಡುವ ಮಾತಾಡಿದ. 1920ರ ಬೇಸಿಗೆಯಲ್ಲಿ ಜನ ಹೊಲ, ಎತ್ತು, ಪಾತ್ರೆ ಪಡಗಗಳನ್ನು ಕೇಳಿದ ಬೆಲೆಗೆ ಮಾರಿ, ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಖೈಬರ್ ಕಣಿವೆಯ ದಾರಿ ಹಿಡಿದರು. ಹೋದವರ ಸಂಖ್ಯೆಯನ್ನು ಕೆಲವರು 18,000 ಎನ್ನುತ್ತಾರೆ, ಕೆಲವರು 60,000 ಎನ್ನುತ್ತಾರೆ. ಬಡ ದೇಶವಾದ ಅಫ್ಘಾನಿಸ್ತಾನಕ್ಕೆ ಅಷ್ಟು ಜನರನ್ನು ಸಾಕುವ ಶಕ್ತಿಯಿರಲಿಲ್ಲ. ಆಗಸ್ಟಿನಲ್ಲಿ ಅಮೀರ ಇನ್ನು ಬರಬೇಡಿರೆಂದ. ಹಿಂತಿರುಗುವ ದಾರಿಯಲ್ಲಿ ಬಿಸಿಲು, ಹಸಿವು, ರೋಗ, ಕಳ್ಳಕಾಕರಿಂದ ಸತ್ತವರ ಲೆಕ್ಕವನ್ನು ಯಾರೂ ಇಡಲಿಲ್ಲ. ಉಳಿದು ಬಂದವರಿಗೆ ಹೊಲವಿಲ್ಲ, ಮನೆಯಿಲ್ಲ. ಯಾವ ಸರ್ಕಾರದ ನೆರಳು ಬೇಡವೆಂದು ಹೊರಟಿದ್ದರೋ ಅದೇ ಸರ್ಕಾರದ ಅಧಿಕಾರಿಗಳ ಮುಂದೆ ಕೆಲವರು ಕೈಚಾಚಬೇಕಾಯಿತು.

ಹಿಜ್ರತ್ ಹೋಗಿರೆಂದು ಸಾರಿದ ದೊಡ್ಡವರಲ್ಲಿ ಹೆಚ್ಚಿನವರು ಹೋಗಲಿಲ್ಲ. ಇದನ್ನು ವಿವರಿಸಲು ಪಾಂಡಿತ್ಯ ಬೇಕಿಲ್ಲ.

ಇನ್ನೊಂದು ಕಡೆ ಸರ್ಕಾರದ ಪ್ರಚಾರಯಂತ್ರವೂ ನಡೆದಿತ್ತು. 1916ರ ರೇಷ್ಮೆ ಪತ್ರಗಳ ಪ್ರಕರಣದ ಕಾಲದಿಂದಲೂ ಆಳುವವರ ಕಣ್ಣಿಗೆ ಮುಸಲ್ಮಾನನ ಮರುಕವೆಲ್ಲ ಒಳಸಂಚು. 1921ರ ಏಪ್ರಿಲಿನಲ್ಲಿ ಮೊಹಮ್ಮದ್ ಅಲಿ ಮದರಾಸಿನಲ್ಲಿ ಅಫ್ಘಾನರ ದಂಡಯಾತ್ರೆಯನ್ನು ಕುರಿತು ಆಡಿದ ಮಾತುಗಳು, ಎಚ್ಚರ ತಪ್ಪಿ ಆಡಿದವು ಎಂದೇ ಹೇಳಬೇಕು, ಕೈಗೆ ಸಿಕ್ಕ ಆಯುಧವಾದವು. ಮುಸಲ್ಮಾನರು ಅಮೀರನನ್ನು ಕರೆತರಲಿದ್ದಾರೆ ಎಂಬ ಭಯ ಹಿಂದೂ ಮನೆಗಳೊಳಗೆ ಹೊಕ್ಕಿತು. ಅದೇ ವರ್ಷ ಕರಾಚಿಯ ಪರಿಷತ್ತಿನಲ್ಲಿ, ಮುಸಲ್ಮಾನರು ಬ್ರಿಟಿಷ್ ಸೇನೆಯಲ್ಲಿರುವುದು ಧರ್ಮವಿರುದ್ಧವೆಂಬ ನಿರ್ಣಯಕ್ಕಾಗಿ ಮೊಕದ್ದಮೆ ನಡೆದಾಗ ಆರೋಪಿಗಳ ಸಾಲಿನಲ್ಲಿ ಅಲಿ ಸಹೋದರರ ಜೊತೆ ನಿಂತವರಲ್ಲಿ ಶಾರದಾಪೀಠದ ಶಂಕರಾಚಾರ್ಯ ಭಾರತಿಕೃಷ್ಣ ತೀರ್ಥರೂ ಒಬ್ಬರು. ಅವರು ಖುಲಾಸೆಯಾದರು, ಉಳಿದವರಿಗೆ ಎರಡು ವರ್ಷ. ವೈದಿಕ ಗಣಿತದ ಪುಸ್ತಕದಿಂದ ಇಂದು ಮನೆಮನೆಗೆ ಗೊತ್ತಿರುವ ಸ್ವಾಮಿಗಳೇ ಅವರು. ಮಕ್ಕಳಿಗೆ ಆ ಗಣಿತ ಕಲಿಸುವ ತರಗತಿಗಳಲ್ಲಿ ಈ ಮೊಕದ್ದಮೆಯ ಪ್ರಸ್ತಾಪ ಬರುವುದಿಲ್ಲ.

ಮಲಬಾರನ್ನು ಬಿಟ್ಟು ಈ ಕಥೆ ಹೇಳಲಾಗದು, ಮಲಬಾರಿನಿಂದಲೇ ಎಲ್ಲವನ್ನೂ ಹೇಳುವುದೂ ಆಗದು. 1921ರ ಆಗಸ್ಟಿನಲ್ಲಿ ತಿರೂರಂಗಾಡಿಯಲ್ಲಿ ಹೊತ್ತಿದ ಬೆಂಕಿಗೆ ಜನ್ಮಿಗಳ ಗೇಣಿಯ ಕ್ರೌರ್ಯ, ತಲೆಮಾರುಗಳ ಹಳೆಯ ಸಿಟ್ಟು, ಪೊಲೀಸರ ದುಡುಕು ಎಲ್ಲವೂ ಸೌದೆಯಾಗಿದ್ದವು. ಖಿಲಾಫತ್ ಅದಕ್ಕೆ ಧರ್ಮದ ಭಾಷೆ ಕೊಟ್ಟಿತು. ಮಾಪಿಳ್ಳೆಗಳ ಒಂದು ಭಾಗ ಹಿಂದೂ ನೆರೆಯವರನ್ನು ಕೊಂದಿತು, ಬಲಾತ್ಕಾರದಿಂದ ಮತಾಂತರಿಸಿತು. ಇದನ್ನು ಮುಚ್ಚಿಡುವುದು ಸತ್ತವರಿಗೆ ಮಾಡುವ ಅನ್ಯಾಯ. ಅಂದು ಕೆಲವು ಖಿಲಾಫತ್ ಮುಂದಾಳುಗಳು ಅದನ್ನು ಖಂಡಿಸಲು ತಡವರಿಸಿದ್ದು ಅವರ ಒಗ್ಗಟ್ಟಿನ ಮಾತಿಗೆ ಬಿದ್ದ ದೊಡ್ಡ ಪೆಟ್ಟು. ಸರ್ಕಾರದ ಪ್ರತೀಕಾರವೂ ಸಣ್ಣದಲ್ಲ. ಅದರದೇ ಲೆಕ್ಕದಲ್ಲಿ ಕೊಲ್ಲಲ್ಪಟ್ಟ ಬಂಡಾಯಗಾರರು 2,300ಕ್ಕೂ ಹೆಚ್ಚು. ನವೆಂಬರ್ 19ರ ಸಂಜೆ ತಿರೂರಿನಲ್ಲಿ ಸುಮಾರು ನೂರು ಮಂದಿ ಸೆರೆಯಾಳುಗಳನ್ನು ಬಳ್ಳಾರಿ ಜೈಲಿಗೆಂದು ಗಾಳಿಯಾಡದ ಗೂಡ್ಸ್ ವ್ಯಾಗನ್ನಿಗೆ ತುಂಬಿ ಬಾಗಿಲು ಹಾಕಿದರು. ಪೋದನೂರಿನಲ್ಲಿ ಬಾಗಿಲು ತೆಗೆದಾಗ ಒಳಗೆ ಹೆಣಗಳ ರಾಶಿ. ಆಮೇಲೆ ಸತ್ತವರೂ ಸೇರಿ ಸುಮಾರು 70 ಜನ. ಅವರಲ್ಲಿ ಕೆಲವರು ಹಿಂದೂಗಳು. ಬಳ್ಳಾರಿ ತಲುಪದ ಆ ರೈಲು ಕರ್ನಾಟಕದ ಪಠ್ಯಗಳಿಗೂ ತಲುಪಿದಂತಿಲ್ಲ.

ಹಣದ ಕಥೆ ಉಳಿಯಿತು. ಅಂಗೋರಾ ನಿಧಿ, ಸ್ಮರ್ನಾ ನಿಧಿ ಎಂದು ಕೂಡಿದ ಲಕ್ಷಗಳು ಛೋಟಾನಿಯವರ ಕೈಯಲ್ಲಿದ್ದವು. ಸುಮಾರು 16 ಲಕ್ಷ ರೂಪಾಯಿ ಅವರ ವ್ಯಾಪಾರದೊಳಗೆ ಸೇರಿಹೋಗಿದೆ ಎಂಬುದು 1922-23ರ ಹೊತ್ತಿಗೆ ಹೊರಬಿತ್ತು. ಸಾಲಕ್ಕೆ ಬದಲಾಗಿ ಮರ ಕೊಯ್ಯುವ ಗಿರಣಿಗಳನ್ನು ಅವರು ಸಮಿತಿಗೆ ಬಿಟ್ಟುಕೊಡಬೇಕಾಯಿತು. ಸ್ವಂತ ಹಣವನ್ನೂ ಧಾರಾಳವಾಗಿ ಸುರಿದ ಮನುಷ್ಯ ಅವರು. ಕಳ್ಳನೆಂದು ಒಂದೇ ಮಾತಿನಲ್ಲಿ ತಳ್ಳುವಂತಿಲ್ಲ. ತನ್ನ ತಿಜೋರಿಗೂ ಸಮಾಜದ ತಿಜೋರಿಗೂ ನಡುವೆ ಗೋಡೆಯಿಡದ ಸೇಠಜಿಗಳನ್ನು ಬಸದಿ, ಬೋರ್ಡಿಂಗು, ಟ್ರಸ್ಟುಗಳ ಆಡಳಿತ ಕಂಡ ಯಾವ ಜೈನ ಓದುಗನಿಗೂ ಪರಿಚಯಿಸಬೇಕಾಗಿಲ್ಲ. ಇಷ್ಟಾದರೂ ಒಂದು ಪಾಲು ಹಣ ತುರ್ಕಿಯನ್ನು ತಲುಪಿತು. ಅಲ್ಲಿ ಮುಸ್ತಫಾ ಕೆಮಾಲ್ ಅದರಿಂದ 1924ರಲ್ಲಿ ತುರ್ಕಿಯ ಇಶ್ ಬ್ಯಾಂಕಿನ ಸ್ಥಾಪನೆಗೆ ಬಂಡವಾಳ ಒದಗಿಸಿದ. ಖಲೀಫನ ಪೀಠ ಉಳಿಯಲೆಂದು ಕಳಚಿಕೊಟ್ಟ ಬಳೆಗಳ ಹಣ ಖಲೀಫನನ್ನು ಹೊರಹಾಕಿದ ಗಣರಾಜ್ಯದ ಬ್ಯಾಂಕಾಯಿತು. ಬಡ್ಡಿಯ ವ್ಯವಹಾರ ಮಾಡುವ ಬ್ಯಾಂಕು.

ಇದೇ ಕೆಮಾಲನನ್ನು ಭಾರತದ ಖಿಲಾಫತ್ತಿನವರು ‘ಇಸ್ಲಾಮಿನ ಖಡ್ಗ’ ಎಂದು ಕೊಂಡಾಡಿದ್ದರು. ಅವನು ಗ್ರೀಕರನ್ನು ಓಡಿಸಿದ್ದನ್ನು ಖಲೀಫನ ಗೆಲುವೆಂದು ಹಬ್ಬ ಮಾಡಿದ್ದರು. ಅವನು 1922ರ ನವೆಂಬರ್ 1ರಂದು ಸುಲ್ತಾನಗಿರಿಯನ್ನು ರದ್ದುಮಾಡಿಸಿದಾಗಲೂ ಅವನ ಗುರಿ ಏನೆಂದು ಅರ್ಥಮಾಡಿಕೊಳ್ಳಲಿಲ್ಲ. 1923ರ ನವೆಂಬರಿನಲ್ಲಿ ಆಗಾ ಖಾನ್ ಮತ್ತು ಅಮೀರ್ ಅಲಿ, ಇಬ್ಬರೂ ಶಿಯಾ ಪಂಥದವರು, ಸುನ್ನಿಗಳ ಖಲೀಫನ ಘನತೆಯನ್ನು ಕಾಪಾಡಿರೆಂದು ಲಂಡನ್ನಿನಿಂದ ತುರ್ಕಿಯ ಪ್ರಧಾನಿಗೆ ಪತ್ರ ಬರೆದರು. ಪ್ರಧಾನಿಯ ಕೈಸೇರುವ ಮೊದಲೇ ಅದು ಇಸ್ತಾಂಬುಲಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ಹೊರಗಿನವರು, ಅದರಲ್ಲೂ ಇಂಗ್ಲಿಷರ ಗೆಳೆಯರು, ನಮ್ಮ ಮನೆಗೆಲಸದಲ್ಲಿ ಕೈಹಾಕುತ್ತಿದ್ದಾರೆ ಎಂದು ಅಂಕಾರಾ ಕೂಗೆಬ್ಬಿಸಿತು. ಅಚ್ಚುಮಾಡಿದ ಸಂಪಾದಕರ ಮೇಲೆ ವಿಚಾರಣೆ ನಡೆಯಿತು. ಮೂರೇ ತಿಂಗಳಲ್ಲಿ ಖಿಲಾಫತ್ತು ರದ್ದಾಯಿತು, ಕೊನೆಯ ಖಲೀಫ ಅಬ್ದುಲ್ ಮಜೀದನನ್ನು ರೈಲು ಹತ್ತಿಸಿ ಕಳಿಸಿದರು. ಉಳಿಸಲೆಂದು ಬರೆದ ಪತ್ರ ಅಳಿಸುವವರ ಕೈಗೆ ನೆಪವಾಯಿತು.

ಆ ವರ್ಷದ ಸೆಪ್ಟೆಂಬರಿನಲ್ಲಿ ಕೋಹಾಟ್ ಉರಿಯಿತು. ಗಾಂಧೀಜಿ ದೆಹಲಿಯಲ್ಲಿ 21 ದಿನಗಳ ಉಪವಾಸವನ್ನು ತೊಡಗಿದ್ದು ಮೊಹಮ್ಮದ್ ಅಲಿಯವರ ಮನೆಯಲ್ಲೇ. ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಸೇರಿದಾಗ ಅದರ ಪಕ್ಕದಲ್ಲೇ ಖಿಲಾಫತ್ ಪರಿಷತ್ತೂ ಸೇರಿತು. ಖಿಲಾಫತ್ತು ಇಲ್ಲವಾಗಿ ಒಂಬತ್ತು ತಿಂಗಳಾಗಿತ್ತು.

ಈ ಇಡೀ ಪ್ರಕರಣದಿಂದ ಇಂದಿನ ಪ್ರಚಾರಕರು ಆರಿಸಿಕೊಂಡಿರುವುದು ಸರ್ಕಾರದ ಹಳೆಯ ಸುಳ್ಳನ್ನೇ: ದೂರದವರಿಗಾಗಿ ಮರುಗುವ ಮುಸಲ್ಮಾನ ಹತ್ತಿರದವರಿಗೆ ದ್ರೋಹಿ. ಗಾಜಾದ ಮಕ್ಕಳ ಚಿತ್ರ ನೋಡಿ ಕಣ್ಣೀರಿಟ್ಟ ಪಕ್ಕದ ಮನೆಯವನ ಮೇಲೆ ಇದೇ ಸುಳ್ಳನ್ನು ಎಸೆಯಲಾಗುತ್ತಿದೆ. ಎಸೆಯುವವರು 2022ರ ಕೊನೆಯ ದಿನಗಳನ್ನು ನೆನೆಯಬೇಕು. ಜಾರ್ಖಂಡಿನ ಸಮ್ಮೇದ ಶಿಖರ್ಜಿಯನ್ನು ಪ್ರವಾಸಿ ತಾಣ ಮಾಡಹೊರಟಾಗ ಮುಂಬಯಿಯಲ್ಲಿ, ದೆಹಲಿಯಲ್ಲಿ ಜೈನರು ಸಾವಿರಗಟ್ಟಲೆ ಬೀದಿಗಿಳಿದರು. ಅವರಲ್ಲಿ ಆ ಬೆಟ್ಟವನ್ನು ಕಣ್ಣಾರೆ ಕಂಡಿರದವರೂ ಇದ್ದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮಕ್ಕೆ ತಡೆ ಹಾಕಿತು. ದೂರದ ಬೆಟ್ಟಕ್ಕಾಗಿ ಮಿಡಿದ ಆ ಜನರ ನಿಷ್ಠೆಯನ್ನು ಯಾರೂ ತಕ್ಕಡಿಗೆ ಹಾಕಲಿಲ್ಲ. ಬೆಟ್ಟ ದೇಶದೊಳಗಿತ್ತು, ನಿಜ. ಆದರೆ ಮನಸ್ಸಿನ ಮಿಡಿತ ಗಡಿಯ ಕಂಬ ನೋಡಿಕೊಂಡು ಹುಟ್ಟುವುದಿಲ್ಲ. ಆಫ್ರಿಕಾದಲ್ಲಿ, ಇಂಗ್ಲೆಂಡಿನಲ್ಲಿ ಕಟ್ಟಿದ ಜಿನಾಲಯಗಳಿಗೆ ಇಲ್ಲಿಂದ ಹೋದ ಮೂರ್ತಿಗಳೂ ದೇಣಿಗೆಗಳೂ ಅದಕ್ಕೆ ಸಾಕ್ಷಿ.

ಖಿಲಾಫತ್ತಿನ ಮುಂದಾಳುಗಳನ್ನು ಪ್ರಶ್ನಿಸಬೇಕಾದ್ದು ಬೇರೆ ಕಾರಣಕ್ಕೆ. ಅವರು ಅನುಯಾಯಿಗಳ ಕಣ್ಣೀರನ್ನು ನಂಬಿದರು, ಬುದ್ಧಿಯನ್ನು ನಂಬಲಿಲ್ಲ. ಅರಬರ ಸುದ್ದಿಯನ್ನೂ ಅಂಕಾರಾದ ಸುದ್ದಿಯನ್ನೂ ಅವರ ಮುಂದಿಡಲಿಲ್ಲ. ಹೊಲ ಮಾರಿ ಹೊರಟ ಒಕ್ಕಲಿಗನಿಗೆ ಕಾಬೂಲಿನ ಬಡತನವನ್ನು ತಿಳಿಸಲಿಲ್ಲ. ಆ ಒಕ್ಕಲಿಗನನ್ನು ಇಂದು ದೇಶದ್ರೋಹಿ ಎಂದು ಕರೆಯುವ ಸಂದೇಶವನ್ನು ಮುಂದಕ್ಕೆ ತಳ್ಳುವ ಬೆರಳು, ಅವನು 1920ರ ಆಗಸ್ಟಿನಲ್ಲಿ ಖೈಬರಿನ ಬಿಸಿಲಿನಲ್ಲಿ ಬರಿಗೈಯಲ್ಲಿ ಹಿಂತಿರುಗಿದ್ದನ್ನು ತಿಳಿದಿರುವುದಿಲ್ಲ. ಅವನು ಮಾರಿದ ಎತ್ತುಗಳನ್ನು ಅಗ್ಗಕ್ಕೆ ಕೊಂಡವರಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ವ್ಯಾಪಾರಿಗಳೂ ಇದ್ದಿರಬೇಕು.